ಒಂದು ಬಲ್ಬು, ಎರಡು ವೈರು

ಹಳೇ ಡೀಸೆಲ್ ಲಾರಿ ಒಮ್ಮೆ ಸ್ಟಾರ್ಟ್ ಆದರೆ ಮುಗೀತು, ಆಮೇಲೆ ಅದರ ಎಂಜಿನ್ನಿಗೆ ಕರೆಂಟೇ ಬೇಡ. ವೈರಿಂಗ್ ಪೂರ್ತಿ ಕೆಟ್ಟರೂ ಗುಡುಗುಡು ಅಂತ ಓಡ್ತಾನೇ ಇರುತ್ತೆ. ಎಷ್ಟೋ ಲಾರಿಗಳಲ್ಲಿ ಕೀ ತಿರುಗಿಸಿದರೂ ನಿಲ್ಲುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿದ್ದ ಗುಂಡಿ ಎಳೆದು ಪಂಪಿನಲ್ಲಿ ಡೀಸೆಲ್ ಬಂದ್ ಮಾಡಬೇಕಿತ್ತು.

ಇದರ ಮೂಲ ರುಡಾಲ್ಫ್ ಡೀಸೆಲ್. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅವನು ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತಲ್ಲ, ಸೂತ್ರ ಅದೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತೆ, ಆ ಬಿಸಿಗೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತೆ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡೋಕೆ ಶುರುಮಾಡಿತು. 1951ರಲ್ಲಿ ಶುರುವಾದ ಅದರ ಭಾರತದ ಶಾಖೆ ಮೈಕೋ ಬೆಂಗಳೂರಿನಲ್ಲಿ ನೆಲೆಯೂರಿತು. ನಿಮ್ಮಲ್ಲಿ ಕೆಲವರು ಬಾಡಿಗೆ ಕಟ್ಟುತ್ತಿರುವ ಮೈಕೋ ಲೇಔಟ್‌ನ ಮೈಕೋ ಇದೇ.

ಹೀಗಾಗಿ ಲಾರಿಯಲ್ಲಿ ವೈರು ಅಂದರೆ ನೆಂಟ ಇದ್ದ ಹಾಗೆ. ಸ್ಟಾರ್ಟರ್, ದೀಪ, ಹಾರನ್, ವೈಪರ್, ಅಷ್ಟೇ. ಆದರೆ ನೆಂಟನೂ ಮನೆಗೆ ಬೆಂಕಿ ಇಡಬಲ್ಲ. ಲಾರಿಯಲ್ಲಿ ಕರೆಂಟು ವಾಪಸ್ ಹೋಗೋದು ಚಾಸಿಯ ಮೂಲಕ. ಕುಲುಕಾಟದಲ್ಲಿ ವೈರಿನ ಪ್ಲಾಸ್ಟಿಕ್ ಸವೆದು ತಾಮ್ರ ಕಬ್ಬಿಣಕ್ಕೆ ತಾಕಿತೋ, ಅದೇ ಶಾರ್ಟ್. ಫ್ಯೂಸ್ ಹಾರುತ್ತೆ. ವೈರು ಉರಿಯುವ ಮೊದಲು ತಾನು ಕರಗೋದೇ ಅದರ ಕೆಲಸ. ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿದರೆ, ಮುಂದಿನ ಸಲ ಕರಗೋದು ಸೀಟಿನ ಕೆಳಗಿರುವ ವೈರು. ಮುಂದಿನದು ಊಹಿಸಿ.

ಬಲ್ಲ ಮೆಕ್ಯಾನಿಕ್ಕುಗಳ ಬಳಿ ಬೇರೆ ಉಪಾಯ ಇತ್ತು. ಹೆದ್ದಾರಿ ಪಕ್ಕದ ಶೆಡ್ಡುಗಳಲ್ಲಿ ನಾನೇ ನಿಂತು ನೋಡಿದ್ದೇನೆ. ಹಾರಿದ ಫ್ಯೂಸಿನ ಜಾಗಕ್ಕೆ ಒಂದು ಇಂಡಿಕೇಟರ್ ಬಲ್ಬು ಸಿಕ್ಕಿಸೋದು. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಹೊತ್ತಿಕೊಳ್ಳುತ್ತೆ. 24 ವೋಲ್ಟಿನಲ್ಲಿ 21 ವ್ಯಾಟಿನ ಬಲ್ಬು ಒಂದು ಆಂಪಿಯರ್‌ಗಿಂತ ಹೆಚ್ಚು ಹರಿಯೋಕೆ ಬಿಡಲ್ಲ, ಹಾಗಾಗಿ ಏನೂ ಸುಡಲ್ಲ. ಆಮೇಲೆ ಒಂದೊಂದೇ ಕನೆಕ್ಷನ್ ಕಳಚುತ್ತಾ, ವೈರಿನ ಕಟ್ಟು ಅಲ್ಲಾಡಿಸುತ್ತಾ ಹೋಗೋದು. ಎಲ್ಲಿ ಬಲ್ಬು ಮಂಕಾಯಿತೋ ಅಲ್ಲೇ ಕಳ್ಳ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಇದನ್ನು ಲೀಲಾಜಾಲವಾಗಿ ಮಾಡುತ್ತಿದ್ದರು. ನಾವು ಆಫೀಸಿನಲ್ಲಿ ಕೂತು ಡಿಬಗ್ಗಿಂಗ್ ಅಂತೀವಲ್ಲ, ಇದೂ ಅದೇ ತಾನೆ?

ನೆಂಟ ಯಜಮಾನನಾದದ್ದು ಆಮೇಲೆ. ಹೊಗೆಯ ನಿಯಮ ಬಿಗಿಯಾದಂತೆ ಡೀಸೆಲನ್ನು ಅಳೆದು ಬಿಡುವ ಕೆಲಸ ಕಂಪ್ಯೂಟರಿಗೆ ಹೋಯಿತು. ಪೆಟ್ಟಿಗೆಗಳು ಹೆಚ್ಚಿ ವೈರಿನ ಗಂಟು ದಪ್ಪವಾದಾಗ ಅದೇ ಬಾಷ್ 1986ರಲ್ಲಿ ಕ್ಯಾನ್ ಎಂಬ ಜಾಲವನ್ನು ಮುಂದಿಟ್ಟಿತು: ಹೆಣೆದ ಎರಡೇ ವೈರಿನಲ್ಲಿ ಎಲ್ಲ ಪೆಟ್ಟಿಗೆಗಳೂ ಮಾತಾಡಬೇಕು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಕಡ್ಡಾಯವಾದ ಮೇಲೆ ಹೊಸ ಲಾರಿಗೆ ಇದರಿಂದ ಬಿಡುಗಡೆಯೇ ಇಲ್ಲ.

ಈ ಜಾಲದಲ್ಲಿ ಶಾರ್ಟ್ ಆದರೆ ಫ್ಯೂಸ್ ಹಾರದೆಯೂ ಇರಬಹುದು. ಹೊಗೆ ಇಲ್ಲ, ವಾಸನೆ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪಗಳು ಜಾತ್ರೆ ಮಾಡುತ್ತವೆ, ಲಾರಿ ಮಿಸುಕಲ್ಲ. ಇಲಿ ಕಡಿದ ಒಂದು ವೈರು ಸಾಕು. ಇಲ್ಲಿ ಹಳೇ ಬಲ್ಬು ಹಿಡಿದರೆ ಕಂಪ್ಯೂಟರೇ ಸುಟ್ಟೀತು. ಬೇಕಿರೋದು ಮಲ್ಟಿಮೀಟರ್. ಬ್ಯಾಟರಿ ಕಳಚಿ ಆ ಎರಡು ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಸೊನ್ನೆಯ ಹತ್ತಿರ ಬಂದರೆ ವೈರುಗಳು ಒಂದಕ್ಕೊಂದು ತಾಕಿವೆ. 120 ಬಂದರೆ ಎಲ್ಲೋ ತುಂಡಾಗಿರಬಹುದು. ಆಮೇಲೆ ಒಂದೊಂದೇ ಪೆಟ್ಟಿಗೆ ಕಳಚಿ ನೋಡೋದು.

ಗಮನಿಸಿದಿರಾ? ಉಪಕರಣ ಬದಲಾಯಿತು, ಹುಡುಕುವ ಬುದ್ಧಿ ಬದಲಾಗಲಿಲ್ಲ. ಕಪ್ಪು ಹೊಗೆ ಉಗುಳುವ ಲಾರಿಗಳು ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ವೈರು ಎಲ್ಲಿಗೆ ಹೋಗುತ್ತೆ ಅನ್ನುವ ನಕ್ಷೆ ಶೋರೂಮಿನ ಲ್ಯಾಪ್‌ಟಾಪಿನೊಳಗೆ ಉಳಿದು, ರಸ್ತೆಬದಿಯ ಶೆಡ್ಡಿಗೆ ಬರದೇ ಹೋದರೆ, ಟೊಮ್ಯಾಟೊ ಹೇರಿಕೊಂಡು ರಾತ್ರಿ ಘಾಟಿಯಲ್ಲಿ ನಿಂತ ಡ್ರೈವರ್ ಬೆಳಗಿನವರೆಗೂ ಕಾಯಬೇಕು. ಆ ನಕ್ಷೆ ಕನ್ನಡದಲ್ಲೇ ಸಿಕ್ಕರೆ ಓಮ್ ಲೆಕ್ಕ ಕಲಿಯೋದು ಅವರಿಗೆ ದೊಡ್ಡ ವಿಷಯವೇ ಅಲ್ಲ. ಒಂದು ಬಲ್ಬಿನಲ್ಲಿ ಅಷ್ಟೆಲ್ಲ ಕಂಡುಹಿಡಿದವರು ಅವರು.