ಮುಳುಗಿದ ಕಾಡಿನ ಮೀನುಗಳು

ಜಲಾಶಯದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವಿದ್ಯುತ್ತು, ನೀರಾವರಿ, ಅಣೆಕಟ್ಟಿನ ಎತ್ತರಗಳ ಲೆಕ್ಕದಲ್ಲಿ ಓದುತ್ತೇವೆ. ಅದನ್ನು ಗಾಳದ ತುದಿಯಿಂದಲೂ ಓದಬಹುದು ಎಂಬುದಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಸ್ಯಾಂಟೀ-ಕೂಪರ್ ಜಲಾಶಯಗಳು ಒಳ್ಳೆಯ ನಿದರ್ಶನ.

ಆರ್ಥಿಕ ಕುಸಿತದ ಬೆನ್ನಿಗೆ ಬಂದ ಅಧ್ಯಕ್ಷ ರೂಸ್‌ವೆಲ್ಟರ ನ್ಯೂ ಡೀಲ್ ಕಾಲದ ಯೋಜನೆಯಿದು. 1939ರಲ್ಲಿ ಕೆಲಸ ಆರಂಭವಾಯಿತು. ಸ್ಯಾಂಟೀ ನದಿಗೆ ಒಡ್ಡು ಕಟ್ಟಿ, ಅದರ ನೀರನ್ನು ಕೂಪರ್ ನದಿಯ ಕಡೆಗೆ ತಿರುಗಿಸಿ ವಿದ್ಯುತ್ತು ಪಡೆಯುವುದು ಉದ್ದೇಶ. ಹೀಗೆ ಹುಟ್ಟಿದ ಮೇರಿಯನ್ ಮತ್ತು ಮೌಲ್ಟ್ರಿ ಸರೋವರಗಳಿಗೆ ಅಮೆರಿಕದ ಸ್ವಾತಂತ್ರ್ಯ ಸಮರದ ಇಬ್ಬರು ಸೇನಾನಿಗಳ ಹೆಸರಿಟ್ಟರು. ಆ ಮೇರಿಯನ್ನನ ಸ್ವಂತ ತೋಟವೂ, 1800ರಲ್ಲಿ ತೆರೆದ ಸ್ಯಾಂಟೀ ಕಾಲುವೆಯ ಒಂದು ಭಾಗವೂ ನೀರಿನಡಿ ಸೇರಿದವು. ಒಂಬೈನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಬಿಟ್ಟವು. ಅವರಲ್ಲಿ ಬಹುಪಾಲು ಬಡ ಕರಿಯರು. ಸುಮಾರು ಆರು ಸಾವಿರ ಗೋರಿಗಳನ್ನು ಬೇರೆಡೆಗೆ ಒಯ್ಯಬೇಕಾಯಿತು. ಶರಾವತಿಯ ಹಿನ್ನೀರಿನಿಂದ ‘ಮುಳುಗಡೆ’ ಎಂಬ ಮಾತಿನ ಭಾರವನ್ನು ಅರಿತ ನಮಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಹತ್ತಿರವಾಯಿತು. ಯುದ್ಧದ ಉದ್ಯಮಗಳಿಗೆ ವಿದ್ಯುತ್ತು ತುರ್ತಾಗಿ ಬೇಕಿತ್ತು. ಮೇರಿಯನ್ ಸರೋವರದ ಪಾತ್ರದಲ್ಲಿದ್ದ ಕಾಡನ್ನು ಪೂರ್ತಿ ಕಡಿಯುವ ಮೊದಲೇ, 1941ರ ಕೊನೆಗೆ, ನೀರು ನಿಲ್ಲಿಸಿದರು. ಸಾವಿರಾರು ಮರಗಳು ನಿಂತಲ್ಲೇ ಮುಳುಗಿದವು.

ಇಂಜಿನಿಯರರ ಲೆಕ್ಕದಲ್ಲಿ ಅದು ಅರ್ಧಕ್ಕೆ ಬಿಟ್ಟ ಕೆಲಸ. ಮೀನಿಗೆ ಅದೇ ಮನೆಯಾಯಿತು. ದೊಡ್ಡಬಾಯಿಯ ಬಾಸ್ ಬೊಡ್ಡೆಯ ನೆರಳಲ್ಲಿ ಹೊಂಚು ಹಾಕಿ ಬೇಟೆಯಾಡುವ ಮೀನು. ಕ್ರಾಪಿ ಮುಳುಗಿದ ಕೊಂಬೆಗಳ ನಡುವೆ ಗುಂಪುಗೂಡುತ್ತದೆ. ತಳದಲ್ಲಿ ಮೀಸೆಯಿಂದ ತಡಕುತ್ತ ಆಹಾರ ಹುಡುಕುವ ಕ್ಯಾಟ್‌ಫಿಶ್‌ಗೂ ಇಲ್ಲಿ ಕೊರತೆಯಿರಲಿಲ್ಲ. 1964ರಲ್ಲಿ ಇಲ್ಲಿ ಗಾಳಕ್ಕೆ ಬಿದ್ದ 58 ಪೌಂಡಿನ, ಎಂದರೆ ಸುಮಾರು 26 ಕಿಲೋ ತೂಕದ, ಚಾನೆಲ್ ಕ್ಯಾಟ್‌ಫಿಶ್ ತನ್ನ ಜಾತಿಯಲ್ಲಿ ವಿಶ್ವದಾಖಲೆಯೆನಿಸಿತು.

ಎಲ್ಲಕ್ಕಿಂತ ವಿಸ್ಮಯದ ಸಂಗತಿ ಪಟ್ಟೆ ಬಾಸ್‌ನದು. ಅದು ಕಡಲಿನಿಂದ ನದಿಗೇರಿ ಮೊಟ್ಟೆಯಿಡುವ ಮೀನು. ಅಣೆಕಟ್ಟಿನ ಮೇಲೆ ಸಿಕ್ಕಿಕೊಂಡ ಮೀನುಗಳು ಕಡಲನ್ನು ಕಾಣದೆಯೇ ಬದುಕಿದವು, ಸರೋವರಕ್ಕೆ ಬಂದು ಸೇರುವ ನದಿಗಳಲ್ಲಿ ಮರಿಮಾಡಿದವು. ಸಿಹಿನೀರಿನಲ್ಲೇ ಇದರ ಸಂತತಿ ಮುಂದುವರಿಯಬಲ್ಲುದೆಂದು ಮೀನುಗಾರಿಕೆಯ ತಜ್ಞರು ಕಲಿತದ್ದು ಇಲ್ಲಿ. 1960ರ ದಶಕದಲ್ಲಿ ಸಮೀಪದ ಮಂಕ್ಸ್ ಕಾರ್ನರ್‌ನ ಮೀನುಮರಿ ಕೇಂದ್ರದಲ್ಲಿ ಇದರ ಮರಿಗಳನ್ನು ಬೆಳೆಸಿದರು. ಇದು ಬೇರೆ ರಾಜ್ಯಗಳ ಜಲಾಶಯಗಳಿಗೂ ಹರಡಿತು.

ಇಷ್ಟಾದ ಮಾತ್ರಕ್ಕೆ ಮೀನಿನ ಸಮೃದ್ಧಿ ನೆಲೆ ಕಳೆದುಕೊಂಡವರಿಗೆ ಪರಿಹಾರವಾಯಿತೆಂದು ನಾವು ಹೇಳಲಾರೆವು. ಗಾಳಗಾರ ಇಂದು ದೋಣಿಯಲ್ಲಿ ಕುಳಿತು ಹುಡುಕುವುದು ಮುಳುಗಿದ ಬೊಡ್ಡೆಯನ್ನು, ಹಳೆಯ ಕಾಲುವೆಯ ಅಂಚನ್ನು. ಮೀನು ಸಿಗುವುದು ಅಲ್ಲಿಯೇ. ಆ ಅಂಚಿನ ಆಚೆ ಯಾರ ಹೊಲವಿತ್ತು ಎಂಬ ಪ್ರಶ್ನೆಯನ್ನು ಚರಿತ್ರೆ ಓದುವ ನಾವಾದರೂ ಕೇಳಬೇಕು.