ಎದೆಬಡಿತದ ಲೆಕ್ಕ, ರೊಟ್ಟಿಯ ಲೆಕ್ಕ

ಬೆಳಗಿನ ಹೊತ್ತು ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಸುತ್ತು ಹಾಕುವವರ ಮಣಿಕಟ್ಟನ್ನು ನೋಡಿರಿ. ಅನೇಕರ ಕೈಯಲ್ಲಿ ಈಗ ವೇಳೆಯ ಜೊತೆಗೆ ಎದೆಬಡಿತವನ್ನೂ ಎಣಿಸುವ ಗಡಿಯಾರವಿದೆ. ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯಿತು, ಈ ನಡಿಗೆಯಲ್ಲಿ ಎಷ್ಟು ಕ್ಯಾಲೊರಿ ಸವೆಯಿತು ಎಂದು ಅದು ಅಂಕಿಗಳಲ್ಲಿ ಹೇಳುತ್ತದೆ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿ, ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡ ಹೆಣ್ಣಾಳುಗಳು ಟಂಟಂ ಗಾಡಿಗಳಲ್ಲಿ ಒತ್ತಿ ಕುಳಿತು ಎರೆಹೊಲಗಳತ್ತ ಸಾಗಿರುತ್ತಾರೆ. ಮೈದಾನದವರಿಗೆ ಇಂದು ಎಷ್ಟು ಕಡಿಮೆ ಉಣ್ಣಬೇಕೆಂಬ ಚಿಂತೆ. ಗಾಡಿಯವರಿಗೆ, ಕಟ್ಟಿಕೊಂಡ ಬುತ್ತಿ ಸಂಜೆಯವರೆಗೆ ಸಾಕಾದೀತೇ ಎಂಬ ಚಿಂತೆ. ಎದೆಬಡಿತದಿಂದ ಅನ್ನದ ಅಗತ್ಯವನ್ನು ಅಳೆಯುವ ಈ ವಿದ್ಯೆಯ ಇತಿಹಾಸವನ್ನು ತೆರೆದು ನೋಡಿದರೆ, ಅದು ಬಹುಮಟ್ಟಿಗೆ ಈ ಗಾಡಿಯಲ್ಲಿ ಕುಳಿತವರ ಪ್ರಶ್ನೆಯ ಇತಿಹಾಸವೆಂದು ತಿಳಿದುಬರುತ್ತದೆ.

ಉಂಡದ್ದು ಎಲ್ಲಿ ಹೋಗುತ್ತದೆ ಎಂಬ ಕುತೂಹಲ ಹಳೆಯದು. ಇಟಲಿಯ ವೈದ್ಯ ಸಾಂಟೋರಿಯೋ ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ಉಣ್ಣುವ ಮೊದಲೂ ಉಂಡ ಮೇಲೂ ವರ್ಷಗಟ್ಟಲೆ ತನ್ನನ್ನು ತೂಗಿಕೊಂಡನು. ಅದರ ಫಲವಾದ ಗ್ರಂಥ 1614ರಲ್ಲಿ ಪ್ರಕಟವಾಯಿತು. ನಾಡಿಯ ವೇಗವನ್ನು ಅಳೆಯಲು ಲೋಲಕದ ಉಪಕರಣವೊಂದನ್ನು ಬಳಸಿದವನೂ ಅವನೇ. ಆದರೆ ನಾಡಿಗೂ ಅನ್ನಕ್ಕೂ ಇರುವ ನಂಟು ಅವನಿಗೆ ಹೊಳೆಯಲಿಲ್ಲ. ಪ್ರಾಣವಾಯುವಿನ ಶೋಧ ಆಗ ಇನ್ನೂ ಆಗಿರಲಿಲ್ಲ.

ಆ ನಂಟನ್ನು ಕಂಡವನು ಫ್ರಾನ್ಸಿನ ಲಾವಾಸಿಯೆ. ತನ್ನ ಸಹಾಯಕ ಸೆಗೆನನ ಮುಖಕ್ಕೆ ಮುಸುಕು ಕಟ್ಟಿ, ಅವನಿಂದ ಕಾಲಿನ ತುಳಿಗೆಯನ್ನು ತುಳಿಸಿ, ಅವನು ಸೇವಿಸಿದ ಆಮ್ಲಜನಕವನ್ನು ಅಳೆದನು. ದುಡಿಮೆ ಏರಿದಂತೆ ಆಮ್ಲಜನಕದ ಬಳಕೆ ಏರಿತು. ಜೊತೆಜೊತೆಗೆ ನಾಡಿಯೂ ಏರಿತು. ಪ್ರಯೋಗದ ಚಿತ್ರವನ್ನು ಬರೆದವಳು ಲಾವಾಸಿಯೆಯ ಮಡದಿ. ಆ ಚಿತ್ರದಲ್ಲಿ ಒಂದು ಬದಿಗೆ ಮೇಜಿನ ಮುಂದೆ ಕುಳಿತು ಲೆಕ್ಕ ಬರೆದುಕೊಳ್ಳುತ್ತಿರುವವಳೂ ಅವಳೇ. ಅದು ಫ್ರಾನ್ಸಿನಲ್ಲಿ ಕ್ರಾಂತಿ ಸಿಡಿದ 1789ರ ಸುಮಾರು. ಮೈಮುರಿದು ದುಡಿಯುವವನ ದೇಹ ಹೆಚ್ಚು ಸವೆಯುತ್ತದೆ, ಆದರೂ ಹೆಚ್ಚಿನ ಊಟ ದುಡಿಯದವನ ಪಾಲಿಗೆ ಹೋಗುತ್ತದೆ, ಇದು ಹೇಗೆ ನ್ಯಾಯ ಎಂಬ ಪ್ರಶ್ನೆಯನ್ನು ಲಾವಾಸಿಯೆ ತನ್ನ ವಿಜ್ಞಾನಪ್ರಬಂಧದಲ್ಲಿಯೇ ಎತ್ತಿದ್ದಾನೆ. ಹೀಗೆ ಕೇಳಿದವನು ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ ಕಾರಣಕ್ಕೆ 1794ರ ಮೇ 8ರಂದು ತಲೆಗೊಡಬೇಕಾಯಿತು.

ಮುಂದಿನ ನೂರು ವರ್ಷಗಳಲ್ಲಿ ಅಳತೆ ಸೂಕ್ಷ್ಮವಾಯಿತು. ಅಮೆರಿಕದಲ್ಲಿ ಅಟ್‌ವಾಟರ್ ಒಬ್ಬ ಮನುಷ್ಯ ದಿನಗಟ್ಟಲೆ ವಾಸಿಸಬಹುದಾದ ಪುಟ್ಟ ಕೋಣೆಯನ್ನು ಕಟ್ಟಿ, ಅವನ ಮೈಯಿಂದ ಹೊರಟ ಶಾಖವನ್ನೆಲ್ಲ ಅಳೆದನು. 1919ರಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬುವರು 136 ಗಂಡಸರು, 103 ಹೆಂಗಸರ ಅಳತೆಗಳಿಂದ, ವಿಶ್ರಾಂತಿಯಲ್ಲಿರುವ ದೇಹಕ್ಕೆ ಎಷ್ಟು ಕ್ಯಾಲೊರಿ ಬೇಕೆಂಬ ಸೂತ್ರವನ್ನು ರಚಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಅವರೆಲ್ಲರೂ ಅಮೆರಿಕದವರು ಎಂಬುದನ್ನು ಮರೆಯಬಾರದು. ನಮ್ಮವರ ದೇಹಕ್ಕೆ ಇಂಥ ಸೂತ್ರಗಳು ಎಷ್ಟರಮಟ್ಟಿಗೆ ಒಪ್ಪುತ್ತವೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ ಶೆಟ್ಟಿ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಒರೆಗೆ ಹಚ್ಚಿ ನೋಡಿದರು.

ಇದು ಬರಿಯ ವಿದ್ವಾಂಸರ ಚರ್ಚೆಯಾಗಿ ಉಳಿಯಲಿಲ್ಲ. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಅವರು ದಿನಕ್ಕೆ 2,250 ಕ್ಯಾಲೊರಿಯನ್ನು ಅಳತೆಗೋಲಾಗಿ ಹಿಡಿದು ದೇಶದ ಬಡವರನ್ನು ಎಣಿಸಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿ ಎಂದು ಗೊತ್ತುಪಡಿಸಿತು. ಬಡತನದ ರೇಖೆ ಈ ಅಂಕಿಗಳ ಮೇಲೆ ನಿಂತಿತು. ಆದರೆ ಹಳ್ಳಿಯಲ್ಲಿ ಯಾರು ಎಷ್ಟು ದುಡಿಯುತ್ತಾರೆ ಎಂಬುದು ತಿಳಿಯದೆ ಯಾರಿಗೆ ಎಷ್ಟು ಬೇಕೆಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ಉತ್ತರ ದೊರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಯ ದುಡಿಮೆಯನ್ನು ಲೆಕ್ಕ ಹಾಕಿತು. ನೀರು, ಸೌದೆ, ಅಡಿಗೆ, ಹೊಲ ಎಲ್ಲ ಕೂಡಿದಾಗ ಮನುಷ್ಯದುಡಿಮೆಯಲ್ಲಿ ಶೇಕಡ 53 ಪಾಲು ಹೆಂಗಸರದು, 31 ಗಂಡಸರದು, 16 ಮಕ್ಕಳದು ಎಂದಾಯಿತು. ಶ್ರೀಲತಾ ಬಾಟ್ಲಿವಾಲಾ ಅವರು 1982ರಲ್ಲಿ ಈ ಅಂಕಿಗಳನ್ನು ಊಟದ ಅಂಕಿಗಳೊಡನೆ ಹೋಲಿಸಿ, ದುಡಿಮೆಯ ಪಾಲಿಗೂ ಅನ್ನದ ಪಾಲಿಗೂ ಹೊಂದಿಕೆಯಿಲ್ಲವೆಂದು ತೋರಿಸಿದರು.

ಆದರೂ ‘ಹೆಂಗಸರ ಕೆಲಸ ಹಗುರ’ ಎಂಬ ಮಾತು ಹೊಲದ ಬದುವಿನ ಮೇಲೆ ನಿಂತೇ ಇತ್ತು. 1976ರಲ್ಲಿ ಸಮಾನ ವೇತನದ ಕಾಯ್ದೆ ಬಂದ ಮೇಲೂ, ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಕೂಲಿ ಕೊಡುವವರು ಈ ಮಾತನ್ನೇ ಮುಂದೆ ಮಾಡುತ್ತ ಬಂದರು. ಹಗುರವೋ ಭಾರವೋ ಎಂದು ನಿರ್ಣಯಿಸಲು ಹೊಲಕ್ಕೆ ಹೊತ್ತೊಯ್ಯಬಹುದಾದ ಅಳತೆ ಬೇಕಾಗಿತ್ತು. ಮುಖಕ್ಕೆ ಮುಸುಕು, ಬೆನ್ನಿಗೆ ಗಾಳಿಚೀಲ ಕಟ್ಟಿ ಇಡೀ ದಿನ ಕಳೆ ತೆಗೆಯಿರೆಂದು ಯಾರಿಗೂ ಹೇಳಲಾಗದು. ಎದೆಬಡಿತವಾದರೋ ತಾನಾಗಿಯೇ ನಡೆದಿರುತ್ತದೆ. 1960ರಲ್ಲಿ ಬೂಯೆನ್ಸ್ ಮತ್ತು ಹಾರ್ವಿ ಎಂಬುವರು ನಾಡಿಯಿಂದ ದೇಹದ ವೆಚ್ಚವನ್ನು ಅಳೆಯುವ ದಾರಿಯನ್ನು ಪರಿಶೀಲಿಸಿದರು. 1977ರಲ್ಲಿ ಫಿನ್‌ಲೆಂಡಿನಲ್ಲಿ ಸ್ಥಾಪನೆಯಾದ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಮಾಪಕವನ್ನು ಹೊರತಂದಿತು: ಎದೆಗೊಂದು ಪಟ್ಟಿ, ಮಣಿಕಟ್ಟಿಗೊಂದು ಗಡಿಯಾರ. ಅದು ಓಟಗಾರರಿಗಾಗಿ ಮಾಡಿದ ಸಾಧನ.

ಈ ಬಗೆಯ ಸಾಧನ ಧಾರವಾಡದ ಹೊಲಗಳಿಗೂ ಬಂತು. 1974ರಲ್ಲಿ ಇಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಆರಂಭವಾಗಿತ್ತು. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಅಂಗವಾಯಿತು. ಗೃಹವಿಜ್ಞಾನದ ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಯ ಕೇಂದ್ರಗಳಲ್ಲಿ ಧಾರವಾಡವೂ ಒಂದಾಗಿತ್ತು. ರೈತಮಹಿಳೆಯನ್ನು ಮೊದಲು ನೆರಳಿನಲ್ಲಿ ಕೂಡಿಸಿ ವಿಶ್ರಾಂತಿಯ ಬಡಿತವನ್ನು ಎಣಿಸುವುದು, ಬಳಿಕ ಕೆಲಸದ ಬಡಿತವನ್ನು, ಕೊನೆಗೆ ಕೆಲಸ ನಿಂತ ಮೇಲೆ ಅದು ಇಳಿಯುವ ಬಗೆಯನ್ನು ಬರೆದುಕೊಳ್ಳುವುದು ಇಂಥ ಅಧ್ಯಯನಗಳ ಕ್ರಮ. ಹಳೆಯ ಕುರ್ಪಿಗೂ ಹೊಸ ಸಲಕರಣೆಗೂ ಇರುವ ವ್ಯತ್ಯಾಸವನ್ನು ಹೀಗೆಯೇ ತೂಗುತ್ತಾರೆ.

ಇದಕ್ಕೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ವರ್ಗೀಸ್, ಸಾಹಾ, ಆತ್ರೇಯ ಎಂಬ ಮೂವರು 1994ರಲ್ಲಿ ಭಾರತೀಯ ಮಹಿಳೆಯರಿಗಾಗಿ ಪ್ರಕಟಿಸಿದ ಸೂತ್ರವನ್ನು. ನಿಮಿಷದ ಬಡಿತವನ್ನು 0.159ರಿಂದ ಗುಣಿಸಿ 8.72 ಕಳೆದರೆ, ನಿಮಿಷಕ್ಕೆ ಎಷ್ಟು ಕಿಲೋಜೌಲ್ ವೆಚ್ಚವಾಯಿತೆಂಬುದು ಸಿಗುತ್ತದೆ. 4.18 ಕಿಲೋಜೌಲ್ ಎಂದರೆ ಒಂದು ಕ್ಯಾಲೊರಿ. ಬಡಿತ 90ರವರೆಗೆ ಇದ್ದರೆ ಕೆಲಸ ತೀರ ಹಗುರ, 105ರವರೆಗೆ ಹಗುರ, 120ರವರೆಗೆ ಮಧ್ಯಮ ಭಾರ, 135ರವರೆಗೆ ಭಾರಿ, ಮುಂದೆ ಅತಿಭಾರಿ. ಹೊಲದಲ್ಲಿ ಒಬ್ಬಾಕೆಯ ಬಡಿತ ಸರಾಸರಿ 110 ಇದ್ದಿತೆನ್ನೋಣ. ನಿಮಿಷಕ್ಕೆ 8.77 ಕಿಲೋಜೌಲ್, ಅಂದರೆ 2.1 ಕ್ಯಾಲೊರಿ, ಆರು ಗಂಟೆಗೆ ಸುಮಾರು 750 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಇರುವುದು ಸುಮಾರು 170. ಹೊಲದ ಕೆಲಸಕ್ಕೇ ನಾಲ್ಕು ರೊಟ್ಟಿ ದಾಟಿತು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 55 ಕಿಲೋ ತೂಕದ ಹೆಂಗಸಿಗೆ ಗೊತ್ತುಪಡಿಸಿದ ಅಂಕಿಗಳನ್ನು ನೋಡಿರಿ: ಕುಳಿತು ಮಾಡುವ ಕೆಲಸಕ್ಕೆ ದಿನಕ್ಕೆ 1,660 ಕ್ಯಾಲೊರಿ, ಮಧ್ಯಮ ದುಡಿಮೆಗೆ 2,130, ಭಾರಿ ದುಡಿಮೆಗೆ 2,720. ‘ಹಗುರ’ ಎಂಬ ಒಂದು ಶಬ್ದ ತಪ್ಪಾದರೆ ಬುತ್ತಿಯಲ್ಲಿ ಆರು ರೊಟ್ಟಿ ಹೆಚ್ಚುಕಡಿಮೆಯಾಗುತ್ತದೆ.

ಹಾಗೆಂದು ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದೇ ಸೂತ್ರಕ್ಕೆ 60 ಬಡಿತವನ್ನು ಕೊಟ್ಟು ನೋಡಿದರೆ ನಿಮಿಷಕ್ಕೆ 0.82 ಕಿಲೋಜೌಲ್ ಎಂಬ ಉತ್ತರ ಬರುತ್ತದೆ. ಸುಮ್ಮನೆ ಮಲಗಿದ ದೇಹಕ್ಕೂ ಅದರ ಮೂರು ನಾಲ್ಕು ಪಟ್ಟು ಬೇಕು. ಬಡಿತಕ್ಕೂ ವೆಚ್ಚಕ್ಕೂ ಇರುವ ನೇರ ಸಂಬಂಧ ದುಡಿಮೆ ಬಿರುಸಾದಾಗ ಮಾತ್ರ ನಿಲ್ಲುತ್ತದೆ. ಕುಳಿತಾಗ, ಮಲಗಿದಾಗ ಅದು ಕೈಕೊಡುತ್ತದೆ. ಆದುದರಿಂದಲೇ 1988ರಲ್ಲಿ ಸ್ಪರ್ ಮತ್ತು ಸಂಗಡಿಗರು ಪ್ರತಿಯೊಬ್ಬರಿಗೂ ಅವರವರದೇ ಗಡಿಯೊಂದನ್ನು ಗುರುತಿಸುವ ಕ್ರಮವನ್ನು ಮುಂದಿಟ್ಟರು. ಗಡಿಯ ಕೆಳಗೆ ಅವರ ವಿಶ್ರಾಂತಿಯ ಅಳತೆ, ಗಡಿಯ ಮೇಲೆ ಅವರ ಬಡಿತದ ಅಳತೆ. ಇಂಥ ಸ್ವಂತ ಅಳತೆಯಿಲ್ಲದ ಗಡಿಯಾರ ತೋರಿಸುವುದು ಅಂದಾಜು ಮಾತ್ರ. ಬಿಸಿಲು, ಚಹಾ, ಅಂಜಿಕೆ, ಸಿಟ್ಟು, ಇವೂ ಬಡಿತವನ್ನು ಏರಿಸುತ್ತವೆ. ಅವುಗಳಿಗೆ ರೊಟ್ಟಿ ಬೇಕಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ಅದು ಇತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿ ಆಮ್ಲಜನಕ ಹೊರುವ ಶಕ್ತಿ ಕುಂದಿದಾಗ, ಅಷ್ಟೇ ಆಮ್ಲಜನಕವನ್ನು ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಒಂದೇ ಸಾಲಿನಲ್ಲಿ ಒಂದೇ ಕಳೆ ಕೀಳುವ ಇಬ್ಬರಲ್ಲಿ ರಕ್ತಹೀನಳಾದವಳ ಬಡಿತ ಮೇಲಿರುತ್ತದೆ. ಸೂತ್ರ ಅವಳಿಗೆ ಹೆಚ್ಚು ಕ್ಯಾಲೊರಿ ಬರೆಯುತ್ತದೆ. ಅನ್ನದ ಲೆಕ್ಕದಲ್ಲಿ ಇದು ತಪ್ಪು. ಆಯಾಸದ ಲೆಕ್ಕದಲ್ಲಿ ತಪ್ಪೆನ್ನಲು ಬರುವುದಿಲ್ಲ. ಅವಳ ಪಾಲಿಗೆ ಆ ಕೆಲಸ ನಿಜವಾಗಿಯೂ ಭಾರವೇ. ಕ್ಯಾಲೊರಿಯ ಅಂಕಿಯೊಂದನ್ನೇ ನೋಡುವವನಿಗೆ ಈ ಭೇದ ಕಾಣುವುದಿಲ್ಲ. ಅವಳಿಗೆ ರೊಟ್ಟಿಯ ಜೊತೆಗೆ ಸೊಪ್ಪು, ಕಾಳು, ಔಷಧ, ವಿಶ್ರಾಂತಿ ಬೇಕೆಂಬುದು ಬಡಿತದ ಕಾರಣವನ್ನು ವಿಚಾರಿಸಿದವನಿಗಷ್ಟೇ ತಿಳಿಯುತ್ತದೆ.

ಇನ್ನೊಂದು ಮಾತು. ಹೊಲದ ಕೆಲಸ ಮುಗಿದೊಡನೆ ಎದೆಪಟ್ಟಿಯನ್ನು ಬಿಚ್ಚಿ ಒಯ್ಯುತ್ತಾರೆ. ಆಕೆ ಮನೆಗೆ ಬಂದು ನೀರು ತುಂಬಿ, ಒಲೆ ಹೊತ್ತಿಸಿ, ರೊಟ್ಟಿ ಬಡಿಯಲು ಕೂಡುತ್ತಾಳೆ. 2019ರ ಕಾಲಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಿದ್ದರು. ದಿನದ ಅಗತ್ಯವನ್ನು ಅಳೆಯುವುದಾದರೆ ಪಟ್ಟಿಯನ್ನು ನಸುಕಿನಿಂದ ಮಲಗುವವರೆಗೂ ಕಟ್ಟಿರಬೇಕು. ಲಾವಾಸಿಯೆಯ ಮಡದಿ ಮೇಜಿನ ಬಳಿ ಕುಳಿತು ಸೆಗೆನನ ದುಡಿಮೆಯನ್ನು ಬರೆದುಕೊಂಡಳು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಉಣ್ಣಲು ಕೂಡುವವಳ ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಉಳಿದಿವೆ ಎಂಬುದನ್ನು ನೋಡಿ ಬರೆದುಕೊಳ್ಳಲು ಯಾವ ಯಂತ್ರವೂ ಬೇಕಾಗಿಲ್ಲ. ಇಂದು ರಾತ್ರಿಯ ಊಟದ ಹೊತ್ತಿಗೆ ಕೇಳುಗರು ಅದೊಂದನ್ನು ಎಣಿಸಿ ನೋಡಬೇಕೆಂದು ನನ್ನ ಬಿನ್ನಹ.