ಕೌಂಟರ್ ಹಿಂದಿನ ಗಣಿತ ಮೇಷ್ಟ್ರು

ಆನ್‌ಲೈನಲ್ಲಿ ಒಂದು ಪುಸ್ತಕ ಕೊಂಡರೆ ಕೆಳಗೆ ಇನ್ನೂ ಹತ್ತು ಪುಸ್ತಕ ಸಾಲಾಗಿ ಬಂದು ನಿಲ್ಲುತ್ತವಲ್ಲ, ಆ ಕೋಡ್ ಬರೆಯೋರು ನಮ್ಮಂಥವರೇ. ಆದರೆ ಯಾರಿಗೆ ಯಾವ ಪುಸ್ತಕ ಹೇಳಬೇಕು ಅನ್ನೋ ತಲೆಬಿಸಿ ಕಂಪ್ಯೂಟರಿಗಿಂತ ಹಳೇದು. 1876ರಲ್ಲೇ ಅಮೆರಿಕದ ವೂಸ್ಟರ್ ಎಂಬ ಊರಿನ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಸಾಮಾನ್ಯ ಜನ ಕೇಳೋಕೆ ಸಂಕೋಚಪಡ್ತಾರೆ, ಗ್ರಂಥಪಾಲಕನೇ ಅವರ ಜೊತೆ ಬೆರೆಯಬೇಕು ಅನ್ನೋದು ಅವರ ವಾದ.

ನಮ್ಮಲ್ಲಿ ಇದನ್ನ ಸೂತ್ರಕ್ಕೆ ಇಳಿಸಿದವರು ಒಬ್ಬ ಗಣಿತ ಮೇಷ್ಟ್ರು, ಎಸ್. ಆರ್. ರಂಗನಾಥನ್. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪಾಠ ಮಾಡಿ ರೂಢಿಯಿದ್ದವರಿಗೆ ಲೈಬ್ರರಿಯಲ್ಲಿ ಸುಮ್ಮನೆ ಕೂರೋದು ಎಷ್ಟು ಬೇಜಾರಾಯ್ತೆಂದರೆ, ಕಾಲೇಜಿಗೆ ಹೋಗಿ ನನ್ನ ಹಳೇ ಕೆಲಸ ವಾಪಸ್ ಕೊಡಿ ಅಂದರಂತೆ. ಮೊದಲು ಲಂಡನ್ನಿಗೆ ಹೋಗಿ ಬಾ, ಆಮೇಲೆ ನೋಡೋಣ ಅಂತ ಕಳಿಸಿದರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನ ಸುತ್ತಿ ಬಂದ ಮನುಷ್ಯ ಮತ್ತೆ ಗಣಿತದ ಕ್ಲಾಸಿಗೆ ಹೋಗಲಿಲ್ಲ.

1931ರಲ್ಲಿ ಅವರ ಐದು ಸೂತ್ರಗಳು ಪುಸ್ತಕವಾಗಿ ಬಂದವು. ಎರಡನೇದು: ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೇದು: ಪ್ರತಿ ಪುಸ್ತಕಕ್ಕೂ ಅದರ ಓದುಗ. ನಂಗೆ ಮೂರನೇದೇ ಹೆಚ್ಚು ಇಷ್ಟ. ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿರೋ ಪುಸ್ತಕದ ಪರವಾಗಿ ವಕಾಲತ್ತು ಅದು. ನಮ್ಮ ಅಲ್ಗಾರಿದಮ್ ಸಾಮಾನ್ಯವಾಗಿ ಜಾಸ್ತಿ ಖರ್ಚಾಗೋದನ್ನೇ ಮತ್ತೆ ಮೇಲೆ ತಳ್ಳುತ್ತೆ, ಮೂಲೇದು ಮೂಲೇಲೇ ಉಳಿಯುತ್ತೆ.

ನಮ್ಮೂರ ಗ್ರಂಥಾಲಯ ನೋಡಿಕೊಳ್ತಿದ್ದವರು ಈ ಸೂತ್ರ ಓದಿದ್ದರೋ ಇಲ್ಲವೋ. ಪುಸ್ತಕ ವಾಪಸ್ ಕೊಟ್ಟರೆ ಮಾತ್ರ ಕೇಳೋರು: "ಪೂರ್ತಿ ಓದಿದ್ಯಾ? ಎಲ್ಲಿ ಬಿಟ್ಟೆ? ಯಾಕೋ ಬಿಟ್ಟೆ?" ಎಲ್ಲಿ ಬಿಟ್ಟೆ ಅನ್ನೋದು ಇವತ್ತು ಇ-ಬುಕ್ ಆ್ಯಪಿಗೂ ಗೊತ್ತಾಗುತ್ತೆ. ಯಾಕೆ ಬಿಟ್ಟೆ ಅನ್ನೋದು ಗೊತ್ತಾಗಲ್ಲ. ಭಾಷೆ ಕಷ್ಟವಾಯ್ತಾ, ಕತೆ ಬೇಜಾರಾಯ್ತಾ, ಇಲ್ಲಾ ಅಪ್ಪ ಹೊಲಕ್ಕೆ ಕರೆದರಾ? ಮೂರಕ್ಕೂ ಕೊಡಬೇಕಾದ ಮುಂದಿನ ಪುಸ್ತಕ ಬೇರೆ ಬೇರೆ.

ರಂಗನಾಥನ್ ಕೊನೆಯ ವರ್ಷಗಳನ್ನ ಕಳೆದಿದ್ದು ನಮ್ಮ ಬೆಂಗಳೂರಲ್ಲೇ. 1962ರಲ್ಲಿ ಇಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ದಾಖಲೀಕರಣದ ಸಂಶೋಧನೆ, ತರಬೇತಿಗೆ ಒಂದು ಕೇಂದ್ರ ಶುರುಮಾಡಿದರು. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಓಡಾಡೋ ಎಷ್ಟೋ ಇಂಜಿನಿಯರುಗಳು ದಿನಾ ಅದರ ಮುಂದೇ ಹಾದುಹೋಗ್ತಾರೆ. 1972ರಲ್ಲಿ ಅವರು ತೀರಿಕೊಂಡಿದ್ದೂ ಇದೇ ಊರಲ್ಲಿ. ಅಷ್ಟರಲ್ಲಿ ರಾಜ್ಯಕ್ಕೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿತ್ತು.

ಆ ಕಾಯ್ದೆಯ ಲೆಕ್ಕ ಈಗಲೂ ನಡೀತಿದೆ. ಬೆಂಗಳೂರಲ್ಲಿ ಸ್ವಂತ ಮನೆಯಿದ್ದರೆ, ನೀವು ಕಟ್ಟೋ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತೆ. ದುಡ್ಡು ಹೆಂಗೂ ಕಟ್ಟಿದ್ದೀರಿ. ಶನಿವಾರ ಹತ್ತಿರದ ಶಾಖೆಗೆ ಹೋಗಿ, ಇತ್ತೀಚೆಗೆ ಅರ್ಧಕ್ಕೆ ಬಿಟ್ಟ ಪುಸ್ತಕದ ಹೆಸರು ಹೇಳಿ. ಕೌಂಟರಿನಲ್ಲಿ ಕೂತವರು ಯಾಕೆ ಅಂತ ಕೇಳ್ತಾರಾ ನೋಡೋಣ.